ಕ್ಲಾರಿಫೈಯರ್ ಕದಡಿದೆಯೇ? ಮೊದಲು ಉಪ್ಪು ಬರುವ ಹೊತ್ತು ನೋಡಿ

ಕಾರವಾರದಿಂದ ಉಳ್ಳಾಲದವರೆಗೆ, ಹೊಳೆ ಸಮುದ್ರ ಸೇರುವ ಅಳಿವೆಯ ಮಗ್ಗುಲಲ್ಲೇ ಬೆಳೆದ ಸಣ್ಣ ಪಟ್ಟಣಗಳು ಹಲವಿವೆ. ಅಂಥ ಊರಿನಲ್ಲಿ ಎರಡು ಮೂರು ಎಂಎಲ್‌ಡಿಯ (ದಿನಕ್ಕೆ ಅಷ್ಟು ದಶಲಕ್ಷ ಲೀಟರಿನ) ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕ, ನಡೆಸುವವರಿಗಾಗಿ ಈ ಬರಹ. ದೋಷ ಹೀಗೆ ಕಾಣಿಸಿಕೊಳ್ಳುತ್ತದೆ: ಹತ್ತು ದಿನ ತಿಳಿಯಾಗಿ ಹರಿದ ಕ್ಲಾರಿಫೈಯರ್ ನೀರು (ಸ್ಲಜ್, ಅಂದರೆ ಕೊಳಚೆ ತಿನ್ನುವ ಬ್ಯಾಕ್ಟೀರಿಯಾದ ಕೆಸರು, ತಳಕ್ಕಿಳಿಯುವ ಟ್ಯಾಂಕಿನ ನೀರು) ಇದ್ದಕ್ಕಿದ್ದಂತೆ ಬೆಳ್ಳಗೆ ಮಬ್ಬಾಗುತ್ತದೆ. ನೀರು ಹೊರಚೆಲ್ಲುವ ಅಂಚಾದ ವೀಯರ್ ದಾಟಿ ಸಣ್ಣ ಕಣಗಳು ಹೊರಹೋಗತೊಡಗುತ್ತವೆ. ಸ್ಲಜ್ಜಿಗೆ ಗಾಳಿ ಊದುವ ಏರೇಷನ್ ಟ್ಯಾಂಕಿನಲ್ಲಿ ನೊರೆ ಹೆಚ್ಚುತ್ತದೆ. ಲ್ಯಾಬಿನ ಸಿಒಡಿ (ಕೊಳಚೆಯನ್ನು ರಾಸಾಯನಿಕದಿಂದ ಸುಡಲು ಬೇಕಾಗುವ ಆಕ್ಸಿಜನ್) ನಂಬಲಾಗದಷ್ಟು ಏರಿರುತ್ತದೆ, ಬಿಒಡಿ (ಅದನ್ನು ಬ್ಯಾಕ್ಟೀರಿಯಾ ತಿನ್ನಲು ಬೇಕಾಗುವ ಆಕ್ಸಿಜನ್) ಅಷ್ಟು ಏರಿರುವುದಿಲ್ಲ. ನಾಲ್ಕೈದು ದಿನ ಹೀಗಿದ್ದು ತಾನಾಗಿಯೇ ಸರಿಹೋಗುತ್ತದೆ. ಹದಿನೈದು ದಿನಕ್ಕೆ ಮತ್ತೆ ಅದೇ.

ತಾನಾಗಿಯೇ ಸರಿಹೋಗುವುದೇ ಇದರ ದೊಡ್ಡ ತೊಂದರೆ. ಆ ನಾಲ್ಕು ದಿನದಲ್ಲಿ ಯಾರು ಏನು ಮಾಡಿದ್ದರೋ ಅದರಿಂದಲೇ ಗುಣವಾಯಿತು ಎಂಬ ನಂಬಿಕೆ ಬೆಳೆಯುತ್ತದೆ. ಒಬ್ಬರು ಎರಡೂ ಬ್ಲೋವರ್ ಓಡಿಸಿರುತ್ತಾರೆ, ಇನ್ನೊಬ್ಬರು ಸಗಣಿ ಬೆಲ್ಲ ಕಲಸಿ ಸುರಿದಿರುತ್ತಾರೆ, ಮತ್ತೊಬ್ಬರು ದುಬಾರಿ ಬ್ಯಾಕ್ಟೀರಿಯಾ ಕಲ್ಚರ್ ಪುಡಿ ತರಿಸಿರುತ್ತಾರೆ. ಕರೆಂಟ್ ಬಿಲ್ ಏರುತ್ತದೆ, ದೋಷ ಅಲ್ಲೇ ಉಳಿಯುತ್ತದೆ. ಪಕ್ಷಕ್ಕೊಮ್ಮೆ ಬಂದುಹೋಗುವ ದೋಷವನ್ನು ಕಂಡರೆ ಮೊದಲು ಅನುಮಾನಿಸಬೇಕಾದದ್ದು ಹುಣ್ಣಿಮೆ ಅಮಾವಾಸ್ಯೆಯ ಉಬ್ಬರವನ್ನು. ಬ್ಲೋವರಿಗೆ ಕೈ ಹಾಕುವ ಮೊದಲು ಉಪ್ಪು ಅಳೆಯಿರಿ. ಎಷ್ಟು ಉಪ್ಪು ಬರುತ್ತಿದೆ ಎಂಬುದಕ್ಕಿಂತ ಅದು ಎಷ್ಟು ಹೊತ್ತಿಗೆ ಬರುತ್ತಿದೆ ಎಂಬುದು ಹೆಚ್ಚು ಹೇಳುತ್ತದೆ.

ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ ಎಂದು ಒತ್ತಿ ಹೇಳಲು ಕಾರಣವಿದೆ. ಈ ನೀರು ಕೊನೆಗೆ ಸೇರುವುದು ಅಳಿವೆಯನ್ನೇ. ಇಳಿತದ ಹೊತ್ತಿಗೆ ಜನ ಸೊಂಟದವರೆಗಿನ ನೀರಿನಲ್ಲಿ ನಿಂತು ಬೆಳಚು ಎಂಬ ಚಿಪ್ಪಿನ ಜೀವಿ ಆಯುವ ಜಾಗಗಳು ಅಲ್ಲಿವೆ. ಚಿಪ್ಪಿನ ಜೀವಿಗಳು ನೀರನ್ನು ಸೋಸಿ ತಿನ್ನುವಂಥವು, ನೀರಿನಲ್ಲಿರುವ ಮಲದ ಬ್ಯಾಕ್ಟೀರಿಯಾ ಅವುಗಳ ಮೈಯಲ್ಲಿ ಸೇರಿಕೊಳ್ಳುತ್ತದೆ. ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಆದರೆ ಪಟ್ಟಿಯಲ್ಲಿಲ್ಲದ ಅಳಿವೆಯ ಬೆಳಚನ್ನೂ ಜನ ತಿನ್ನುತ್ತಾರೆ. ಕಣ ದಾಟಿದ ನೀರಿಗೆ ಎಷ್ಟು ಕ್ಲೋರಿನ್ ಹಾಕಿದರೂ ಕಣದೊಳಗೆ ಕುಳಿತ ಬ್ಯಾಕ್ಟೀರಿಯಾವನ್ನು ಅದು ಸರಿಯಾಗಿ ಮುಟ್ಟುವುದಿಲ್ಲ.

ಬೇಕಾಗುವ ಸಾಮಾನು

ಇಸಿ ಮೀಟರ್ (ನೀರು ವಿದ್ಯುತ್ತನ್ನು ಎಷ್ಟು ಹರಿಯಬಿಡುತ್ತದೆ ಎಂದು ಅಳೆಯುವುದು, ಉಪ್ಪು ಹೆಚ್ಚಿದಷ್ಟೂ ಅಂಕಿ ಏರುತ್ತದೆ) ಒಂದು, ಒಂದು ಲೀಟರಿನ ಅಳತೆ ಜಾಡಿ ಮೂರು, ಹಗ್ಗ ಕಟ್ಟಿದ ಬಾಟಲಿ, ನೋಟ್‌ಪುಸ್ತಕ, ಮತ್ತು ಹತ್ತಿರದ ಬಂದರಿನ ಉಬ್ಬರವಿಳಿತದ ಪಟ್ಟಿ. ಈ ಪಟ್ಟಿಯನ್ನು ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿ ವರ್ಷ ಪ್ರಕಟಿಸುತ್ತದೆ. ಅದು ಸಿಗುವ ತನಕ ಗೋಡೆಯ ಪಂಚಾಂಗವೂ ಸಾಕು: ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ ನೀರು ಅತಿ ಎತ್ತರಕ್ಕೆ ಬರುತ್ತದೆ, ಅಷ್ಟಮಿ ನವಮಿಯ ಆಸುಪಾಸಿನಲ್ಲಿ ಮಂದವಾಗುತ್ತದೆ. ದೋಣಿಯವರನ್ನು ಕೇಳಿದರೆ ಇನ್ನೂ ನಿಖರವಾಗಿ ಹೇಳುತ್ತಾರೆ.

ಉಪ್ಪು ಬರುವ ಹೊತ್ತು

ದೊಡ್ಡ ಉಬ್ಬರದ ದಿನಗಳಲ್ಲಿ, ಘಟಕಕ್ಕೆ ನೀರು ಬಂದು ಬೀಳುವ ಇನ್ಲೆಟ್ ಚೇಂಬರಿನಲ್ಲಿ, ಅರ್ಧ ತಾಸಿಗೊಮ್ಮೆ ಇಸಿ ಬರೆದುಕೊಳ್ಳಿ. ಒಂದು ಹಗಲು ರಾತ್ರಿ ಸಾಲದು, ಎರಡು ದಿನ ಪೂರ್ತಿ ಬೇಕು. ಪಾಳಿಯವರಿಗೆ ಹಂಚಿಕೊಟ್ಟರೆ ಯಾರಿಗೂ ಹೊರೆಯಾಗುವುದಿಲ್ಲ. ಅದೇ ಹಾಳೆಯ ಮೇಲೆ ಸಮುದ್ರದ ನೀರಿನ ಮಟ್ಟದ ಗೆರೆಯನ್ನೂ ಎಳೆಯಿರಿ.

ಇಸಿ ದಿನಕ್ಕೆರಡು ಸಲ ಏರಿ ಇಳಿಯುತ್ತಿದ್ದು, ಒಂದು ಏರಿಕೆಗೂ ಮುಂದಿನದಕ್ಕೂ ಸುಮಾರು ಹನ್ನೆರಡೂವರೆ ತಾಸು ಅಂತರವಿದ್ದು, ಮರುದಿನ ಅದೇ ಏರಿಕೆ ಸುಮಾರು 50 ನಿಮಿಷ ತಡವಾಗಿ ಬಂದರೆ ಅದು ಉಬ್ಬರವೇ. ಬೇರೆ ಯಾವುದೂ ಈ ಲೆಕ್ಕದಲ್ಲಿ ನಡೆಯುವುದಿಲ್ಲ. ನಮ್ಮ ಕರಾವಳಿಯಲ್ಲಿ ದಿನದ ಎರಡು ಉಬ್ಬರಗಳು ಸಮ ಎತ್ತರದವಲ್ಲ, ಹಾಗಾಗಿ ಒಂದು ಏರಿಕೆ ದೊಡ್ಡದಾಗಿ ಇನ್ನೊಂದು ಚಿಕ್ಕದಾಗಿ ಕಂಡರೆ ಗಾಬರಿ ಬೇಡ. ಸಮುದ್ರದ ಗೆರೆಗೂ ಇಸಿ ಗೆರೆಗೂ ನಡುವೆ ಒಂದಿಷ್ಟು ಅಂತರ ಇದ್ದೇ ಇರುತ್ತದೆ, ಸೋರಿದ ನೀರು ಪೈಪು ಮತ್ತು ವೆಟ್‌ವೆಲ್ (ಪಂಪಿಗೆ ಮುನ್ನ ನೀರು ಕೂಡುವ ಬಾವಿ) ದಾಟಿ ನಿಮ್ಮಲ್ಲಿಗೆ ಬರಲು ಹಿಡಿಯುವ ಸಮಯ ಅದು. ಆ ಅಂತರವನ್ನು ಬರೆದಿಟ್ಟುಕೊಳ್ಳಿ, ಸೋರುವ ಜಾಗ ಹತ್ತಿರವೋ ದೂರವೋ ಎಂದು ಊಹಿಸಲು ಮುಂದೆ ಬೇಕಾಗುತ್ತದೆ.

ಏರಿಕೆ ಪ್ರತಿದಿನ ಒಂದೇ ಹೊತ್ತಿಗೆ, ಅದರಲ್ಲೂ ನಡುರಾತ್ರಿಯ ನಂತರ ಬಂದರೆ, ಚಂದ್ರನಿಗೂ ಅದಕ್ಕೂ ಸಂಬಂಧವಿಲ್ಲ. ಲಾಡ್ಜು, ಆಸ್ಪತ್ರೆಗಳ ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಯಂತ್ರವನ್ನು ಉಪ್ಪುನೀರಿನಿಂದ ತೊಳೆಯುವ ಹೊತ್ತು ಅದು. ಏರಿಕೆಯ ಜೊತೆಗೆ ಎಣ್ಣೆಯ ಪದರ, ಮೀನಿನ ವಾಸನೆ, ಅಮೋನಿಯಾ ಕೂಡ ಬಂದರೆ ಮೀನು ಸಂಸ್ಕರಣೆಯ ಕಡೆಗೆ ನೋಡಿ. ಅದು ದೋಣಿ ದಡಕ್ಕೆ ಬರುವ ಮತ್ತು ಪಾಳಿ ಮುಗಿಯುವ ಹೊತ್ತನ್ನು ಅನುಸರಿಸುತ್ತದೆ. ಇದಕ್ಕೆ ವರ್ಷಕ್ಕೊಮ್ಮೆ ಒಂದು ಖಚಿತ ಪರೀಕ್ಷೆ ತಾನಾಗಿಯೇ ಒದಗುತ್ತದೆ: ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೇ ಕೊನೆಯ ವಾರದ ಮತ್ತು ಜೂನ್ ಮೊದಲ ವಾರದ ಅಳತೆಗಳನ್ನು ಪಕ್ಕಪಕ್ಕ ಇಟ್ಟರೆ, ಮಳೆ ಇನ್ನೂ ಹಿಡಿಯದಿದ್ದರೆ, ಮೀನಿನ ಪಾಲು ಎಷ್ಟೆಂದು ಸ್ಪಷ್ಟವಾಗುತ್ತದೆ.

ಏರಿಳಿತವೇ ಇಲ್ಲದೆ ದಿನವಿಡೀ ಇಸಿ ಹೆಚ್ಚಿದ್ದರೆ, ಅದೂ ಏಪ್ರಿಲ್ ಮೇ ತಿಂಗಳಲ್ಲಿ, ಊರಿನ ಬಾವಿಗಳೇ ಉಪ್ಪಾಗಿವೆ ಎಂದರ್ಥ. ಇದು ಒಳಚರಂಡಿಯ ದೋಷವಲ್ಲ. ನಿಧಾನವಾಗಿ ಏರಿದ ಉಪ್ಪಿಗೆ ಸ್ಲಜ್ ಒಗ್ಗಿಕೊಳ್ಳುತ್ತದೆ.

ಎಷ್ಟು ಸಮುದ್ರದ ನೀರು ಸೇರಿದೆ

ಲೆಕ್ಕ ಸುಲಭ. ಉದಾಹರಣೆಗೆ, ಇಳಿತದಲ್ಲಿ ನಿಮ್ಮ ಕೊಳಚೆ ನೀರಿನ ಇಸಿ 900 ಮೈಕ್ರೊಸೀಮೆನ್ಸ್, ಉಬ್ಬರದಲ್ಲಿ 3,400 ಎಂದಿಟ್ಟುಕೊಳ್ಳಿ. ಸಮುದ್ರದ ನೀರಿನದು ಸುಮಾರು 50,000. ಏರಿಕೆ 2,500, ಅದನ್ನು 49,100ರಿಂದ ಭಾಗಿಸಿದರೆ ನೂರಕ್ಕೆ ಐದು. ಇಪ್ಪತ್ತು ಬಕೆಟ್‌ನಲ್ಲಿ ಒಂದು ಬಕೆಟ್ ಸಮುದ್ರ. ಸೋರುತ್ತಿರುವುದು ಶುದ್ಧ ಸಮುದ್ರವಲ್ಲ, ಹಿನ್ನೀರು ಎಂದಾದರೆ 50,000ದ ಬದಲು ಆ ಹಿನ್ನೀರಿನ ಇಸಿಯನ್ನೇ ಅಳೆದು ಹಾಕಿ.

ನೂರಕ್ಕೆ ಐದು ಎಂದರೆ ಪಂಪು ಎಷ್ಟು ತಾಸು ಓಡಿತೆಂದು ತೋರಿಸುವ ಅವರ್ ಮೀಟರಿನಲ್ಲಿ ಗೊತ್ತೇ ಆಗುವುದಿಲ್ಲ, ದಿನದಿನದ ಏರುಪೇರಿನಲ್ಲಿ ಮುಚ್ಚಿಹೋಗುತ್ತದೆ. ಅದಕ್ಕೇ ಹರಿವಿನ ಲೆಕ್ಕ ಮಾತ್ರ ಇಟ್ಟುಕೊಂಡವರಿಗೆ ಈ ದೋಷ ಸಿಗುವುದಿಲ್ಲ. ಆದರೆ ಅಷ್ಟು ನೀರೇ ಲೀಟರಿಗೆ ಸುಮಾರು 950 ಮಿಲಿಗ್ರಾಂ ಕ್ಲೋರೈಡ್ ಮತ್ತು 130ಕ್ಕೂ ಹೆಚ್ಚು ಮಿಲಿಗ್ರಾಂ ಸಲ್ಫೇಟ್ ತಂದು ಹಾಕುತ್ತದೆ. ಈ ಮಟ್ಟದಲ್ಲಿ ಸ್ಲಜ್ ತಾಳಿಕೊಳ್ಳುತ್ತದೆ. ಕೆಡುವುದು ಲ್ಯಾಬಿನ ಅಂಕಿ ಮತ್ತು ಪೈಪಿನ ಕಾಂಕ್ರೀಟು. ಉಬ್ಬರದ ಇಸಿ 10,000 ಮುಟ್ಟಿದರೆ ಸಮುದ್ರದ ಪಾಲು ನೂರಕ್ಕೆ ಹದಿನೆಂಟು ದಾಟಿತು. ಆಗ ಪಂಪೂ ಹೆಚ್ಚು ಓಡುತ್ತದೆ, ಸ್ಲಜ್ ಕೂಡ ಬಿಚ್ಚಿಕೊಳ್ಳತೊಡಗುತ್ತದೆ.

ಬಿಚ್ಚಿಕೊಳ್ಳುವುದು ಏಕೆ? ಉಪ್ಪು ಸವರಿದ ಮಾವಿನ ಮಿಡಿ ನೀರು ಬಿಡುವ ಹಾಗೆ, ಹೊರಗೆ ಉಪ್ಪು ಹಠಾತ್ತನೆ ಹೆಚ್ಚಿದರೆ ಜೀವಕೋಶದ ನೀರು ಹೊರಗೆ ಬರುತ್ತದೆ. ಕೆಲವು ಜೀವಿಗಳು ಸಾಯುತ್ತವೆ, ಒಳಗಿನದೆಲ್ಲ ನೀರಿಗೆ ಸೇರಿ ಮಬ್ಬು ಮತ್ತು ನೊರೆ ಹೆಚ್ಚುತ್ತದೆ. ಇದರ ಜೊತೆಗೆ, ಸ್ಲಜ್ಜಿನ ಹರಳುಗಳನ್ನು (ಬ್ಯಾಕ್ಟೀರಿಯಾ ಅಂಟಿಕೊಂಡ ಸಣ್ಣ ಮುದ್ದೆಗಳನ್ನು) ಹಿಡಿದಿಡುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ. ಸೋಡಿಯಂ ಪ್ರಮಾಣ ಅವನ್ನು ಮೀರಿದರೆ ಆ ಹಿಡಿತ ಸಡಿಲವಾಗುತ್ತದೆ. ಬಿಡಿ ಕಣಗಳನ್ನು ಕಬಳಿಸಿ ನೀರನ್ನು ತಿಳಿ ಮಾಡುವ ಪ್ರೊಟೊಜೋವಾಗಳೂ ಉಪ್ಪಿನ ಏಟಿಗೆ ಬೇಗ ಬಲಿಯಾಗುತ್ತವೆ.

ಘಟಕದ ಬಗೆಯನ್ನು ಅವಲಂಬಿಸಿ ಲಕ್ಷಣ ಬೇರೆಯಾಗುತ್ತದೆ ಎಂಬುದನ್ನು ಮರೆಯಬೇಡಿ. ಎಕ್ಸ್‌ಟೆಂಡೆಡ್ ಏರೇಷನ್ ಟ್ಯಾಂಕಿನಲ್ಲಿ ನೀರು ಸುಮಾರು ಒಂದು ದಿನ ನಿಲ್ಲುವುದರಿಂದ ದಿನದ ಏರಿಳಿತ ಅಲ್ಲಿ ಸಮವಾಗುತ್ತದೆ. ಉಪ್ಪು ದಿನದಿಂದ ದಿನಕ್ಕೆ ಕೂಡುತ್ತ ಹೋಗಿ, ದೊಡ್ಡ ಉಬ್ಬರದ ಒಂದೆರಡು ದಿನ ನಂತರ ಕ್ಲಾರಿಫೈಯರ್ ಕದಡುತ್ತದೆ. ಈ ತಡದಿಂದಾಗಿ ಉಬ್ಬರದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಎಸ್‌ಬಿಆರ್ (ಒಂದೇ ಟ್ಯಾಂಕನ್ನು ಬ್ಯಾಚು ಬ್ಯಾಚಾಗಿ ತುಂಬಿ ಖಾಲಿ ಮಾಡುವ ಘಟಕ) ಆದರೆ ಉಬ್ಬರದ ಹೊತ್ತಿಗೆ ತುಂಬಿಕೊಂಡ ಬ್ಯಾಚು ಕೆಡುತ್ತದೆ, ಅದರ ಪಕ್ಕದ ಬ್ಯಾಚು ಚೆನ್ನಾಗಿರುತ್ತದೆ.

ಜಾಡಿಯಲ್ಲಿ ನೋಡುವುದು

ಏರೇಷನ್ ಟ್ಯಾಂಕಿನ ನೀರು ಒಂದು ಲೀಟರ್ ತುಂಬಿ ಅರ್ಧ ತಾಸು ಅಲುಗಾಡಿಸದೆ ಬಿಡಿ. ಎಷ್ಟು ಮಿಲಿಲೀಟರಿಗೆ ಇಳಿಯಿತು ಎಂದು ಬರೆದು ಮುಗಿಸುವವರೇ ಹೆಚ್ಚು. ಮೇಲಿನ ನೀರು ಹೇಗಿದೆ ಎಂದು ನೋಡುವುದು ಅದಕ್ಕಿಂತ ಮುಖ್ಯ.

ಸ್ಲಜ್ ಬೇಗ ಕೆಳಗಿಳಿದು ಮೇಲಿನ ನೀರು ಮಬ್ಬಾಗಿದ್ದರೆ ಹರಳು ಒಡೆದಿದೆ: ಉಪ್ಪು, ಇಲ್ಲವೇ ಬೇರಾವುದೋ ವಿಷ. ಮೇಲಿನ ನೀರು ಚೆನ್ನಾಗಿ ತಿಳಿಯಾಗಿದ್ದು ಸ್ಲಜ್ ಮಾತ್ರ ಇಳಿಯದೆ ನಿಂತರೆ ಅದು ದಾರದ ಎಳೆಯಂತೆ ಬೆಳೆಯುವ ಬ್ಯಾಕ್ಟೀರಿಯಾ ಹೆಚ್ಚಿದ ಬಲ್ಕಿಂಗ್. 600 ಮಿಲಿ ನಿಂತು ಎಂಎಲ್‌ಎಸ್‌ಎಸ್ (ಟ್ಯಾಂಕಿನ ನೀರಿನಲ್ಲಿ ಲೀಟರಿಗೆ ಎಷ್ಟು ಮಿಲಿಗ್ರಾಂ ಸ್ಲಜ್) 3,000 ಇದ್ದರೆ ಎಸ್‌ವಿಐ (ಒಂದು ಗ್ರಾಂ ಸ್ಲಜ್ ಹಿಡಿಯುವ ಮಿಲಿಲೀಟರ್) 200 ಆಯಿತು, 150 ದಾಟಿದರೇ ಎಚ್ಚರ ಬೇಕು. ಬಲ್ಕಿಂಗ್‌ಗೆ ಆಕ್ಸಿಜನ್ ಕೊರತೆ ಒಂದು ಕಾರಣ, ಆದರೆ ಕರಾವಳಿಯಲ್ಲಿ ಇನ್ನೊಂದಿದೆ: ಸಮುದ್ರದ ಸಲ್ಫೇಟ್ ಪೈಪಿನಲ್ಲೇ ಸಲ್ಫೈಡ್ ಆಗಿ ಬಂದು, ಅದನ್ನೇ ತಿಂದು ಬದುಕುವ ಥಯೋಥ್ರಿಕ್ಸ್ ತರಹದ ಎಳೆಗಳನ್ನು ಬೆಳೆಸುತ್ತದೆ. ಹಾಗಾಗಿ ಉಪ್ಪಿನ ಸೋರಿಕೆ ಮಬ್ಬನ್ನೂ ತರಬಹುದು, ಬಲ್ಕಿಂಗನ್ನೂ ತರಬಹುದು. ಇಳಿದ ಸ್ಲಜ್ ಒಂದೆರಡು ತಾಸಿನ ಮೇಲೆ ಗುಳ್ಳೆಗಳೊಡನೆ ಹೆಪ್ಪು ಹೆಪ್ಪಾಗಿ ಮೇಲೆದ್ದರೆ ಉಪ್ಪನ್ನು ಬಿಟ್ಟುಬಿಡಿ. ಅದು ನೈಟ್ರೇಟ್‌ನಿಂದ ಏಳುವ ಸಾರಜನಕ. ರಿಟರ್ನ್ ಸ್ಲಜ್ ಪಂಪ್ ಹೆಚ್ಚಿಸಿ, ಕ್ಲಾರಿಫೈಯರ್ ತಳದಲ್ಲಿ ಸ್ಲಜ್ ನಿಲ್ಲದಂತೆ ನೋಡಿಕೊಂಡರೆ ಸಾಕು.

ಉಪ್ಪೇ ಕಾರಣ ಎಂದು ಕಚ್ಚಿಹಿಡಿಯುವ ಮೊದಲು ಕಣ್ಣಾರೆ ನೋಡಬಹುದಾದ ಪರೀಕ್ಷೆಯೊಂದಿದೆ. ಅಷ್ಟಮಿಯ ಆಸುಪಾಸು, ಸ್ಲಜ್ ಚೆನ್ನಾಗಿರುವ ದಿನ, ಮೂರು ಜಾಡಿಗೂ ಅರ್ಧರ್ಧ ಲೀಟರ್ ಟ್ಯಾಂಕಿನ ನೀರು ಹಾಕಿ. ಮೊದಲನೆಯದಕ್ಕೆ ಅರ್ಧ ಲೀಟರ್ ಘಟಕದ ಶುದ್ಧೀಕರಿಸಿದ ನೀರು. ಎರಡನೆಯದಕ್ಕೆ ಅದೇ ನೀರು 400 ಮಿಲಿ, ಸಮುದ್ರದ ನೀರು 100 ಮಿಲಿ. ಮೂರನೆಯದಕ್ಕೆ 300 ಮತ್ತು 200. ಅಕ್ವೇರಿಯಂ ಪಂಪಿನಿಂದ ನಾಲ್ಕೈದು ತಾಸು ಗಾಳಿ ಕೊಟ್ಟು, ನಿಲ್ಲಿಸಿ, ಅರ್ಧ ತಾಸು ಬಿಟ್ಟು ನೋಡಿ. ಮೂರನೆಯದು ಮಬ್ಬಾಗಿ ಮೊದಲನೆಯದು ತಿಳಿಯಾಗಿದ್ದರೆ ಅನುಮಾನ ಉಳಿಯುವುದಿಲ್ಲ. ಪುರಸಭೆಯ ಸಭೆಗೆ ಈ ಮೂರು ಜಾಡಿಯ ಫೋಟೊ ತೆಗೆದುಕೊಂಡು ಹೋಗಿ, ಯಾವ ವರದಿಗಿಂತಲೂ ಅದು ಬೇಗ ಅರ್ಥವಾಗುತ್ತದೆ. ಮೂರೂ ಒಂದೇ ರೀತಿ ಇದ್ದರೆ ನಿಮ್ಮ ಸ್ಲಜ್ ಈ ಉಪ್ಪಿಗೆ ಆಗಲೇ ಒಗ್ಗಿದೆ, ಕಾರಣ ಬೇರೆ ಕಡೆ ಹುಡುಕಬೇಕು.

ಲ್ಯಾಬಿನ ಅಂಕಿ ನಂಬುವ ಮೊದಲು

ಸಿಒಡಿ ಪರೀಕ್ಷೆಯಲ್ಲಿ ಡೈಕ್ರೋಮೇಟ್ ಕ್ಲೋರೈಡನ್ನೂ ಸುಟ್ಟು ಅದನ್ನು ಕೊಳಚೆ ಎಂದು ಲೆಕ್ಕ ಹಿಡಿಯುತ್ತದೆ. ಒಂದು ಮಿಲಿಗ್ರಾಂ ಕ್ಲೋರೈಡ್ 0.226 ಮಿಲಿಗ್ರಾಂ ಸಿಒಡಿ ಆಗಿ ಕಾಣುತ್ತದೆ. 1,000 ಮಿಲಿಗ್ರಾಂ ಕ್ಲೋರೈಡನ್ನು ಮರ್ಕ್ಯುರಿಕ್ ಸಲ್ಫೇಟಿನಿಂದ ಕಟ್ಟಿಹಾಕದಿದ್ದರೆ ಇಲ್ಲದ 226 ಮಿಲಿಗ್ರಾಂ ಸಿಒಡಿ ಹುಟ್ಟುತ್ತದೆ. ಕ್ಲೋರೈಡ್ 2,000 ದಾಟಿದರೆ ಸಾಮಾನ್ಯ ವಿಧಾನವೇ ಕೈಕೊಡುತ್ತದೆ, ನೀರನ್ನು ತೆಳು ಮಾಡಿ ಪರೀಕ್ಷಿಸಬೇಕು. ಸ್ಯಾಂಪಲ್ ಬಾಟಲಿಯ ಮೇಲೆ ಇಸಿಯನ್ನೂ ಬರೆದು ಕಳಿಸಿ, ಲ್ಯಾಬಿನವರು ತಾವಾಗಿ ಊಹಿಸಲಾರರು.

ಟಿಎಸ್‌ಎಸ್‌ನಲ್ಲೂ (ನೀರಿನಲ್ಲಿ ತೇಲುವ ಕಣಗಳ ತೂಕ) ಇದೇ ಅಪಾಯ. ಫಿಲ್ಟರ್ ಪೇಪರನ್ನು ಡಿಸ್ಟಿಲ್ಡ್ ನೀರಿನಿಂದ ತೊಳೆಯದೆ ಒಣಗಿಸಿದರೆ ಪೇಪರಿನಲ್ಲಿ ಉಳಿದ ಉಪ್ಪೂ ತೂಕಕ್ಕೆ ಸೇರುತ್ತದೆ. ಎಂಎಲ್‌ಎಸ್‌ಎಸ್ ಹೀಗೆ ಸುಳ್ಳು ಏರಿದರೆ, ಸ್ಲಜ್ ಹೆಚ್ಚಾಯಿತೆಂದು ಹೊರಹಾಕಿ, ನಿಜಕ್ಕೂ ಬೇಕಾಗಿದ್ದ ಸ್ಲಜ್ಜನ್ನೇ ಕಳೆದುಕೊಳ್ಳುತ್ತೀರಿ. 2017ರ ಅಕ್ಟೋಬರಿನ ಕೇಂದ್ರ ಅಧಿಸೂಚನೆ ಮಹಾನಗರವಲ್ಲದ ಊರುಗಳಿಗೆ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಬಿಒಡಿ 30, ಟಿಎಸ್‌ಎಸ್ 100, ಮಲಜನ್ಯ ಕೊಲಿಫಾರ್ಮ್ ನೂರು ಮಿಲಿಗೆ 1,000 ಎಂದು ಮಿತಿ ಹಾಕಿದೆ. ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ನಿಮ್ಮ ಕನ್ಸೆಂಟ್ ಪತ್ರದಲ್ಲಿ ಇನ್ನೂ ಬಿಗಿ ಇದ್ದರೆ ಅದೇ ಅನ್ವಯ. ಮಿತಿ ದಾಟಿದ್ದು ನೀರೋ ಪರೀಕ್ಷೆಯೋ ಎಂದು ತಿಳಿಯದೆ ನೋಟಿಸಿಗೆ ಉತ್ತರ ಬರೆಯಬೇಡಿ.

ಸೋರುವ ಜಾಗ ಹುಡುಕುವುದು

ಯಾರನ್ನೂ ಮ್ಯಾನ್‌ಹೋಲಿಗೆ ಇಳಿಸಬೇಡಿ. ಈ ಕೆಲಸಕ್ಕೆ ಇಳಿಯುವ ಅಗತ್ಯವೇ ಇಲ್ಲ, ಹಗ್ಗದ ಬಾಟಲಿ ಸಾಕು. ಸಮುದ್ರದ ನೀರು ಸೇರುವ ಪೈಪಿನಲ್ಲಿ ಹೈಡ್ರೋಜನ್ ಸಲ್ಫೈಡ್ ಮಾಮೂಲಿಗಿಂತ ಹೆಚ್ಚು. ಕೊಳೆತ ಮೊಟ್ಟೆಯ ವಾಸನೆ ಬರುತ್ತಿಲ್ಲ ಎಂದರೆ ಅನಿಲ ಇಲ್ಲ ಎಂದಲ್ಲ, 100 ಪಿಪಿಎಂ ಆಸುಪಾಸಿನಲ್ಲಿ ಮೂಗು ಅದನ್ನು ಗುರುತಿಸುವುದನ್ನೇ ನಿಲ್ಲಿಸುತ್ತದೆ, ಜೀವ ಹೋಗುವುದು ಅದರ ನಂತರ. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಒಳಚರಂಡಿಗೆ ಇಳಿಸುವುದು 2013ರ ಕಾಯ್ದೆಯಡಿ ಅಪರಾಧ. ಕಾಯ್ದೆ ಇಲ್ಲದಿದ್ದರೂ ಒಂದು ಇಸಿ ಅಂಕಿಗಾಗಿ ಯಾರ ಮನೆಯ ದೀಪವೂ ಆರಬಾರದು.

ಮೊದಲ ಅನುಮಾನ ವೆಟ್‌ವೆಲ್‌ನಿಂದ ಹೊಳೆಗೆ ಬಿಟ್ಟ ತುರ್ತು ಓವರ್‌ಫ್ಲೋ ಪೈಪಿನ ಮೇಲಿರಲಿ. ಕರೆಂಟ್ ಹೋದಾಗ ನೀರು ಹೊರಹೋಗಲೆಂದು ಇಟ್ಟ ಪೈಪು ಅದು. ಅದರ ತುದಿಯಲ್ಲಿ ನೀರನ್ನು ಹೊರಕ್ಕಷ್ಟೇ ಬಿಡುವ ಫ್ಲ್ಯಾಪ್ ವಾಲ್ವಿನಲ್ಲಿ ಪ್ಲಾಸ್ಟಿಕ್ ಸಿಕ್ಕಿಕೊಂಡು, ಇಲ್ಲವೇ ಚಿಪ್ಪು ಬೆಳೆದು, ಬಾಯಿ ಅರ್ಧ ತೆರೆದೇ ಇರುತ್ತದೆ. ದೊಡ್ಡ ಉಬ್ಬರದ ತುದಿಯಲ್ಲಿ ಟಾರ್ಚ್ ಹಿಡಿದು ಮೇಲಿನಿಂದಲೇ ನೋಡಿ, ನೀರು ಒಳಗೆ ಬರುತ್ತಿದೆಯೋ ಹೊರಗೆ ಹೋಗುತ್ತಿದೆಯೋ ಎಂದು. ಇದೊಂದನ್ನು ನೋಡದೆ ಪೈಪ್‌ಲೈನ್ ಅಗೆಯಲು ಟೆಂಡರ್ ಕರೆಯುವುದು ಹಣದ ಪೋಲು.

ಅದು ಸರಿಯಾಗಿದ್ದರೆ ಪಂಪಿಂಗ್ ಸ್ಟೇಷನ್‌ಗಳನ್ನು ಒಂದೊಂದಾಗಿ ಅಳೆದು ಯಾವ ವಲಯದಿಂದ ಉಪ್ಪು ಬರುತ್ತಿದೆ ಎಂದು ನಿಶ್ಚಯಿಸಿ. ಬಳಿಕ ಆ ವಲಯದ ಮುಖ್ಯ ಪೈಪಿನ ನಡುವಿನ ಮ್ಯಾನ್‌ಹೋಲಿನಿಂದ ಶುರುಮಾಡಿ. ಅಲ್ಲಿ ಇಸಿ ಹೆಚ್ಚಿದ್ದರೆ ಸೋರಿಕೆ ಅದಕ್ಕಿಂತ ಮೇಲೆ, ಕಡಿಮೆ ಇದ್ದರೆ ಕೆಳಗೆ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಉದ್ದದ ಪೈಪೂ ಬೇಗ ಮುಗಿಯುತ್ತದೆ. ಮನೆಗಳ ನೀರು ಕಡಿಮೆ ಇರುವ ರಾತ್ರಿ ಎರಡರಿಂದ ನಾಲ್ಕರ ನಡುವೆ ಉಬ್ಬರ ಬೀಳುವ ದಿನ ಆರಿಸಿಕೊಂಡರೆ ಸೋರಿಕೆ ಎದ್ದು ಕಾಣುತ್ತದೆ. ಗಜನಿಯ (ಉಪ್ಪುನೀರು ಬರುವ ತಗ್ಗು ಗದ್ದೆಯ) ಅಂಚು, ಹೊಳೆಬದಿಯ ರಸ್ತೆ, ಉಬ್ಬರಕ್ಕೆ ಅಂಗಳಕ್ಕೇ ನೀರು ಬರುವ ಕೇರಿಯ ಮನೆ ಚೇಂಬರುಗಳು, ಇವನ್ನು ಬಿಡಬೇಡಿ. ಪೈಪು ಹೂತ ಕಾಲುವೆಯ ಮರಳಿನಲ್ಲೂ ನೀರು ದೂರ ಹರಿದು ಬರುತ್ತದೆ, ಹಾಗಾಗಿ ಒಡೆದ ಜಾಯಿಂಟು ಹೊಳೆಯಿಂದ ಸಾಕಷ್ಟು ಒಳಗಿರಬಹುದು.

ಪಂಪ್‌ಹೌಸ್ ಪ್ಯಾನೆಲ್ ಬೋರ್ಡಿನೊಳಗೆ ತಾಮ್ರದ ಪಟ್ಟಿಗಳು ಕಪ್ಪಗಾಗಿವೆಯೇ, ವೆಟ್‌ವೆಲ್‌ನ ನೀರಿನ ಮಟ್ಟದ ಮೇಲಿನ ಕಾಂಕ್ರೀಟು ಕೆರೆದರೆ ಉದುರುತ್ತದೆಯೇ ಎಂದೂ ನೋಡಿಕೊಳ್ಳಿ. ಎರಡೂ ಸಲ್ಫೈಡಿನ ಗುರುತು. ಅವಿದ್ದರೆ ಸೋರಿಕೆ ಇತ್ತೀಚಿನದಲ್ಲ.

ರಿಪೇರಿಯ ತನಕ

ಓವರ್‌ಫ್ಲೋಗೆ ತಗಡಿನ ಫ್ಲ್ಯಾಪ್ ಬದಲು ಬಾತುಕೋಳಿ ಕೊಕ್ಕಿನ ಆಕಾರದ ರಬ್ಬರ್ ವಾಲ್ವ್ ಹಾಕಿದರೆ ತುಕ್ಕಿನ ಕಾಟವಿಲ್ಲ, ಸಣ್ಣ ಕಸ ಸಿಕ್ಕಿದರೂ ಸುತ್ತ ಮುಚ್ಚಿಕೊಳ್ಳುತ್ತದೆ. ತಗ್ಗಿನ ಮ್ಯಾನ್‌ಹೋಲುಗಳ ಬಾಯಿ ಎತ್ತರಿಸಿ, ನೀರು ಹಿಡಿಯದ ಮುಚ್ಚಳ ಹಾಕಿಸಿ. ಜಾಯಿಂಟುಗಳಿಗೆ ಗ್ರೌಟ್ ಅಥವಾ ಲೈನರ್ ಬೇಸಿಗೆಯ ಕೆಲಸ.

ಅಷ್ಟರವರೆಗೆ ಹುಣ್ಣಿಮೆ ಅಮಾವಾಸ್ಯೆಗೆ ನಾಲ್ಕು ದಿನ ಮೊದಲೇ ಸ್ಲಜ್ ಹೊರಹಾಕುವುದನ್ನು ನಿಲ್ಲಿಸಿ. ಸ್ವಲ್ಪ ಹೆಚ್ಚು ಸ್ಲಜ್ ಇದ್ದರೆ ಏಟು ತಡೆಯುತ್ತದೆ, ಕ್ಲಾರಿಫೈಯರ್ ಹೊರಲಾರದಷ್ಟು ಮಾತ್ರ ಬೇಡ. ಈಕ್ವಲೈಸೇಷನ್ ಟ್ಯಾಂಕ್ ಇದ್ದರೆ ಉಬ್ಬರದ ಮುಂಚೆ ಖಾಲಿ ಮಾಡಿಟ್ಟುಕೊಂಡು, ಉಪ್ಪಿನ ನೀರನ್ನು ಅಲ್ಲಿ ತಡೆದು, ಇಡೀ ದಿನಕ್ಕೆ ಹಂಚಿ ಬಿಡಿ. ಅಮೋನಿಯಾ ಇಳಿಯದಿದ್ದರೆ ಕ್ಷಾರೀಯತೆ ಅಳೆಯಿರಿ: ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಿ ಬದಲಾಗಲು 7.14 ಮಿಲಿಗ್ರಾಂ ಕ್ಷಾರೀಯತೆ ಬೇಕು, ಜಂಬಿಟ್ಟಿಗೆಯ ನೆಲದ ನಮ್ಮ ಬಾವಿನೀರಿನಲ್ಲಿ ಅದು ಮೊದಲೇ ಕಡಿಮೆ. ಸುಣ್ಣ ಹಾಕಿದರೆ ಕ್ಷಾರೀಯತೆಯೂ ಸಿಗುತ್ತದೆ, ಹರಳನ್ನು ಹಿಡಿದಿಡುವ ಕ್ಯಾಲ್ಸಿಯಂ ಕೂಡ ಸಿಗುತ್ತದೆ. ಸಗಣಿ ಬೆಲ್ಲ ಬೇಡ, ಅದು ಟ್ಯಾಂಕಿಗೆ ಇನ್ನಷ್ಟು ಬಿಒಡಿ ಅಷ್ಟೇ.

ಮಳೆಗಾಲದಲ್ಲಿ ಈ ಯಾವ ಇಸಿ ಲೆಕ್ಕವೂ ನಡೆಯುವುದಿಲ್ಲ. ಜುಲೈಯಲ್ಲಿ ಹೊಳೆ ತುಂಬಿ ಬಂದಾಗ ಅಳಿವೆಯ ನೀರೇ ಸಿಹಿಯಾಗಿರುತ್ತದೆ. ಅದೇ ಬಿರುಕಿನಿಂದ ಅದೇ ನೀರು ಒಳಬಂದರೂ ಮೀಟರ್ ಏರುವುದಿಲ್ಲ, ಬದಲಿಗೆ ಇಳಿಯಬಹುದು. ಆಗ ಪಂಪಿನ ಅವರ್ ಮೀಟರ್ ಮತ್ತು ಮಳೆಮಾಪಕ ಇವೆರಡರ ಮೇಲೆ ಕಣ್ಣಿಡಿ. ಹುಡುಕುವ ಕೆಲಸಕ್ಕೆ ಫೆಬ್ರವರಿಯಿಂದ ಮೇವರೆಗಿನ ದಿನಗಳೇ ಸರಿ.

ರಿಪೇರಿ ಮುಗಿದ ಮೇಲೆ ಮರುವಾರವೇ ಅಳೆದು ಗೆದ್ದೆವು ಎಂದು ಬರೆಯಬೇಡಿ, ಮರುವಾರ ಉಬ್ಬರ ಮಂದವಿದ್ದರೆ, ಏನೂ ಮಾಡದಿದ್ದರೂ ಇಸಿ ಇಳಿದೇ ಇರುತ್ತಿತ್ತು. ಉಬ್ಬರದ ಪಟ್ಟಿಯಲ್ಲಿ ಮೊದಲ ಅಳತೆಯ ದಿನದಷ್ಟೇ ಎತ್ತರದ ಉಬ್ಬರ ಮುಂದೆ ಯಾವತ್ತು ಬರುತ್ತದೆ ಎಂದು ಹುಡುಕಿ, ಆ ಎರಡು ದಿನ ಅರ್ಧ ತಾಸಿಗೊಮ್ಮೆ ಮತ್ತೆ ಬರೆದುಕೊಳ್ಳಿ. ಹಳೆಯ ಗೆರೆಯ ಮೇಲೆ ಹೊಸ ಗೆರೆ ಎಳೆಯಿರಿ. ಏರಿಕೆ ಅರ್ಧವಷ್ಟೇ ಇಳಿದಿದ್ದರೆ ಇನ್ನೊಂದು ಸೋರಿಕೆ ಉಳಿದಿದೆ, ಸಮುದ್ರದ ಗೆರೆಗೂ ಇಸಿ ಗೆರೆಗೂ ನಡುವಿನ ಅಂತರ ಬದಲಾಗಿದೆಯೇ ನೋಡಿ, ಅದು ಯಾವ ಕಡೆ ಎಂದು ಅಲ್ಲೇ ತಿಳಿಯುತ್ತದೆ.